ಗೋಡೆ ದಾಟಿದ ವೇಳಾಪಟ್ಟಿ

ಇನ್ನು ಮುಂದೆ ಈ ಮನೆಯಲ್ಲಿ ಪೆನ್‌ಡ್ರೈವ್ ಎಂಬ ಪದಾರ್ಥ ಯಾರ ಕೈಯಲ್ಲೂ ಕಾಣಬಾರದು ಎಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಹಾಲ್‌ನ ನಟ್ಟನಡುವೆ ನಿಂತು ಘೋಷಿಸಿದೆ. ಘೋಷಣೆಯನ್ನು ಕೇಳಿದ ಪ್ರಜೆಗಳು ಇಬ್ಬರು. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬರು ಅವಳ ತಾಯಿ, ಅಂದರೆ ನನ್ನ ಅತ್ತೆ. ಕಿಟಕಿಯ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಹೆಂಡತಿ ತಲೆ ಎತ್ತಲಿಲ್ಲ. ಅತ್ತೆ ಎತ್ತಿದರು, ಆದರೆ ಹೆಣಿಗೆ ಎಣಿಸುವುದನ್ನು ನಿಲ್ಲಿಸಲಿಲ್ಲ.

"ಒಂದೇ ಒಂದು ಫೈಲು ರೀ," ಎಂದಳು ಹೆಂಡತಿ. "ನಿಮ್ಮ ಕಂಪ್ಯೂಟರ್‌ನಿಂದ ನನ್ನ ಲ್ಯಾಪ್‌ಟಾಪ್‌ಗೆ ಹೋಗ್ಬೇಕು. ಪೆನ್‌ಡ್ರೈವ್ ಎಲ್ಲಿಟ್ಟಿದ್ದೀರಿ ಹೇಳಿ, ಅರ್ಧ ನಿಮಿಷದ ಕೆಲಸ."

"ಆ ಅರ್ಧ ನಿಮಿಷ ಉಳಿಸೋಕೇ ಈ ಯೋಜನೆ ಕಣೇ," ಎಂದೆ. "ಕಲ್ಲಿಗೆ ಕಲ್ಲು ಉಜ್ಜಿ ಬೆಂಕಿ ಮಾಡೋ ಕಾಲ ಮುಗೀತು. ಎರಡೂ ಕಂಪ್ಯೂಟರನ್ನ ನೆಟ್‌ವರ್ಕ್‌ನಲ್ಲಿ ಜೋಡಿಸ್ತೀನಿ. ಫೈಲು ತಾನಾಗೇ ಎದ್ದು ನಡ್ಕೊಂಡು ಹೋಗುತ್ತೆ."

"ನಡ್ಕೊಂಡು ಎಲ್ಲಿಗೆ ಹೋಗುತ್ತೆ ಅಂತ ಸ್ವಲ್ಪ ನೋಡ್ಕೊಳ್ಳಿ ಅಳಿಯಂದ್ರೆ," ಎಂದರು ಅತ್ತೆ.

ಹಿರಿಯರ ಮಾತು ಎಂದು ನಾನು ನಕ್ಕುಬಿಟ್ಟೆ.

ಆ ಒಂದು ಫೈಲು ಏನೆಂದು ಹೇಳಿಬಿಡುತ್ತೇನೆ. ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರದ ಟೀಚರು. ಈ ವರ್ಷ ಮೊದಲ ಸಲ ಹೆಡ್‌ಮಿಸ್ ಅವಳಿಗೆ ಇಡೀ ಶಾಲೆಯ ವೇಳಾಪಟ್ಟಿ ಮಾಡುವ ಕೆಲಸ ವಹಿಸಿದ್ದರು. ಮೂವತ್ತೆಂಟು ಟೀಚರುಗಳು, ಇಪ್ಪತ್ನಾಲ್ಕು ತರಗತಿಗಳು, ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಅವಧಿ. ಇವರೆಲ್ಲರ ಪಾಲಿಗೆ ಇರುವುದು ಎರಡು ಲ್ಯಾಬು, ಒಂದು ಮೈದಾನ. ಹನ್ನೊಂದು ವರ್ಷ ಈ ಕೆಲಸ ಸಂಗೀತದ ಟೀಚರ ಕೈಯಲ್ಲಿತ್ತು. ಅದನ್ನು ಅವರಿಂದ ತೆಗೆದು ಇವಳಿಗೆ ಕೊಟ್ಟ ದಿನ ಆಕೆ ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು, "ನೋಡೋಣ, ಯಾರ್ಯಾರು ಎಲ್ಲೆಲ್ಲಿ ಡಿಕ್ಕಿ ಹೊಡೀತಾರೋ" ಎಂದಿದ್ದರಂತೆ. ಆ ಮಾತು ನನ್ನ ಹೆಂಡತಿಗೆ ಮುಳ್ಳಿನ ಹಾಗೆ ನಾಟಿತ್ತು. ಅವಳ ಲ್ಯಾಪ್‌ಟಾಪಿನಲ್ಲಿ ಮೂವತ್ತೆಂಟು ಸಾಲುಗಳು ಒಟ್ಟಿಗೆ ಕಾಣುವುದಿಲ್ಲವೆಂದು ಮೂರು ವಾರ ದಿನಾ ಸಂಜೆ ಹಾಲ್‌ನಲ್ಲಿರುವ ನನ್ನ ದೊಡ್ಡ ಪರದೆಯ ಮುಂದೆ ಕೂತಿದ್ದಳು. ಊಟ ಮಾಡುವಾಗಲೂ "ಏಳನೇ ಬಿ, ಬುಧವಾರ, ಮೂರನೇ ಅವಧಿ" ಎಂದು ಗೊಣಗುತ್ತಿದ್ದಳು. ಒಮ್ಮೆ ಉಪ್ಪು ಕೇಳಿದ್ದಕ್ಕೆ "ಶುಕ್ರವಾರ ಖಾಲಿ ಇಲ್ಲ" ಎಂದಿದ್ದಳು. ಸೋಮವಾರ ಬೆಳಗ್ಗೆ ಎಂಟಕ್ಕೆ ಅದನ್ನು ಮೂವತ್ತೆಂಟು ಜನರ ಎದುರು ಗೋಡೆಯ ಮೇಲೆ ತೋರಿಸಬೇಕಿತ್ತು. ಹೆಚ್ಚೂಕಡಿಮೆಯಾದರೆ ಸಂಗೀತದ ಟೀಚರು ವರ್ಷವಿಡೀ ಅದೇ ರಾಗ ಹಾಡುವುದು ಖಂಡಿತ.

ಇನ್ನು ನನ್ನ ಮಹಾಕಾರ್ಯವೊಂದರ ಬಗ್ಗೆಯೂ ಹೇಳಬೇಕು. ನಮ್ಮದು ಮೂರನೇ ಮಹಡಿ. ಮೆಟ್ಟಿಲು ಹತ್ತಿ ಬಂದರೆ ಎದುರುಬದುರು ಎರಡು ಬಾಗಿಲು, ನಡುವೆ ಆರಡಿ ಜಾಗ. ಎದುರಿನ ಬಾಗಿಲು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಹಿರಿಯರದು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಡ್ರೈವರು ಯಾವ ಬಸ್ಸು ಹತ್ತಬೇಕು ಎಂದು ಬರೆಯುವುದೇ ಅವರ ಕೆಲಸವಾಗಿತ್ತು. ನಾವು ಅವರನ್ನು ಡಿಪೋ ಸಾಹೇಬರು ಎನ್ನುತ್ತೇವೆ. ಅವರ ಚಪ್ಪಲಿ ಸ್ಟ್ಯಾಂಡು ಆ ಆರಡಿಯ ಮಧ್ಯರೇಖೆಯನ್ನು ದಾಟಿ ನಾಲ್ಕು ಇಂಚು ನಮ್ಮ ಕಡೆ ಬಂದಿತ್ತು. ನಾಲ್ಕು ಇಂಚು! ಎಂಟು ತಿಂಗಳ ಹಿಂದೆ ನಾನು ಟೇಪು ಹಿಡಿದು ಅಳೆದು, ನಡುವೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಅವರು ಬಾಗಿಲು ತೆರೆದು ಗೆರೆ ನೋಡಿದರು, ನನ್ನನ್ನು ನೋಡಿದರು, ಗಡಿಯಾರ ನೋಡಿಕೊಂಡು ಒಳಗೆ ಹೋದರು. ಅಂದಿನಿಂದ ಮಾತಿಲ್ಲ. ಗೆರೆ ಮಾಸದಂತೆ ಪ್ರತಿ ಭಾನುವಾರ ನಾನು ಹೊಸದಾಗಿ ಎಳೆಯುತ್ತೇನೆ.

"ನಮ್ಮ ಇಂಟರ್ನೆಟ್ ಕೆಟ್ಟು ಕೂತಾಗ ಹತ್ತು ದಿನ ಅವರ ವೈಫೈ ಕೊಟ್ಟೋರು ಅವರು," ಎಂದು ಹೆಂಡತಿ ಆಗಾಗ ನೆನಪಿಸುತ್ತಾಳೆ. "ಅವರ ಜೊತೆ ಚಪ್ಪಲಿ ವಿಷಯಕ್ಕೆ ಮಾತು ಬಿಡ್ತಾರಾ ಯಾರಾದ್ರೂ?"

"ಉಪಕಾರ ಬೇರೆ, ಸರಹದ್ದು ಬೇರೆ," ಎಂಬುದು ನನ್ನ ಉತ್ತರ.

ಕಟ್ಟಡದ ಸಂಘಕ್ಕೆ ಒಂದು ದೂರು ಅರ್ಜಿಯನ್ನೂ ತಯಾರಿಸಿದ್ದೆ. ನನ್ನ ಕಂಪ್ಯೂಟರಿನಲ್ಲಿ 'ಗೆರೆ' ಎಂಬ ಫೋಲ್ಡರು. ಅದರೊಳಗೆ ಅರ್ಜಿಯ ಹನ್ನೊಂದು ಕರಡುಗಳು. ಕಳಿಸಿರಲಿಲ್ಲ, ಏಕೆಂದರೆ ಪ್ರತಿ ಸಲ ಓದುವಾಗಲೂ ಅವರನ್ನು ಬೈಯಲು ಇನ್ನೂ ಒಳ್ಳೆಯ ಮಾತು ಹೊಳೆಯುತ್ತಿತ್ತು.

ಸರಿ, ಕಾರ್ಯಾಚರಣೆ ಆರಂಭವಾಯಿತು. ನಾನು ಕನ್ನಡಕದ ಅಂಗಡಿಯವನು. ಇಪ್ಪತ್ತೆರಡು ವರ್ಷಗಳಿಂದ ಜನರ ಒಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದೇನೆ. ಆರು ಯಾವುದು ಎಂಟು ಯಾವುದು ಎಂದು ತಡಕಾಡುವವರನ್ನು ಕಂಡರೆ ನನಗೆ ಒಳಗೊಳಗೇ ನಗು. ಇಂಥ ಹದ್ದಿನ ಕಣ್ಣಿನವನಿಗೆ ನೆಟ್‌ವರ್ಕು ಯಾವ ಲೆಕ್ಕ? ಮೊದಲು ನನ್ನ ಮನೆಯ ಬಾಗಿಲು ತೆರೆದರೆ ತಾನೇ ಇನ್ನೊಬ್ಬರು ತೆರೆಯುವುದು ಎಂದು ನನ್ನ ಕಂಪ್ಯೂಟರಿನ ಇಡೀ ಡಿಸ್ಕನ್ನು ಹಂಚಿಕೆಗೆ ಇಟ್ಟೆ. ಯಾರಿಗೆ ಎಂದು ಕೇಳಿತು. ಎಲ್ಲರಿಗೂ ಎಂದೆ. ಓದಲು ಮಾತ್ರವೋ, ತಿದ್ದಲೂಬಹುದೋ ಎಂದು ಕೇಳಿತು. ಪೂರ್ಣ ಅಧಿಕಾರ ಎಂದೆ. ಪಾಸ್‌ವರ್ಡ್ ಬೇಕೇ ಎಂದಿತು. ಹೆಂಡತಿಗೂ ನನಗೂ ನಡುವೆ ಪಾಸ್‌ವರ್ಡೇ? ಬೇಡ ಎಂದೆ. ಖಚಿತವೇ ಎಂದು ಮೂರು ಸಲ ಕೇಳಿತು. ಮೂರು ಸಲವೂ ಹೌದೆಂದೆ. ಮದುವೆಯ ದಿನ ಕೂಡ ನಾನು ಇಷ್ಟು ಗಟ್ಟಿಯಾಗಿ ಹೌದು ಎಂದಿರಲಿಲ್ಲ.

ಹನ್ನೊಂದೂವರೆಗೆ ಪವಾಡ ನಡೆಯಿತು. ನೆಟ್‌ವರ್ಕಿನ ಪಟ್ಟಿಯಲ್ಲಿ ಎರಡು ಕಂಪ್ಯೂಟರು ಕಾಣಿಸಿಕೊಂಡವು. ಒಂದರ ಹೆಸರು ನನ್ನದು. ಇನ್ನೊಂದಕ್ಕೆ ಡೆಸ್ಕ್‌ಟಾಪ್ ಎಂದು ಶುರುವಾಗಿ ಆಮೇಲೆ ಅಕ್ಷರ ಅಂಕಿಗಳ ಉದ್ದ ಬಾಲ. ನನ್ನ ತರ್ಕ ಹೀಗಿತ್ತು: ಮನೆಯಲ್ಲಿರುವುದು ಎರಡೇ ಕಂಪ್ಯೂಟರು, ಒಂದು ನನ್ನದು, ಆದ್ದರಿಂದ ಇನ್ನೊಂದು ಹೆಂಡತಿಯದು. ಇದರಲ್ಲಿ ತಪ್ಪು ಹುಡುಕಲು ಯಾವ ಪಂಡಿತನಿಗೂ ಸಾಧ್ಯವಿಲ್ಲ ಎಂದು ನಾನು ನಂಬಿದ್ದೆ.

ಅದನ್ನು ತೆರೆದೆ. ಎಲ್ಲರೂ ಬಳಸಬಹುದಾದ ಒಂದು ಫೋಲ್ಡರು ಸಿಕ್ಕಿತು. ಅದರ ತುಂಬ ಬಸ್ಸುಗಳ ಫೋಟೋ. ಹಳೆಯ ಬಸ್ಸು, ಹೊಸ ಬಸ್ಸು, ಮೂಗು ಜಜ್ಜಿದ ಬಸ್ಸು. ರಸಾಯನಶಾಸ್ತ್ರದ ಟೀಚರಿಗೆ ಬಸ್ಸು ಏಕೆ ಎಂಬ ಪ್ರಶ್ನೆ ಒಂದು ಕ್ಷಣ ಮೂಡಿತು. ಆದರೆ ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಹೆಂಡತಿಯ ಎಲ್ಲ ಆಸಕ್ತಿಗಳೂ ಗಂಡನಿಗೆ ಗೊತ್ತಿರಬೇಕೆಂದಿಲ್ಲವಲ್ಲ. ಇದ್ದರೆ ಇರಲಿ ಎಂದು ದೊಡ್ಡ ಮನಸ್ಸು ಮಾಡಿದೆ.

ಹಿಂದಿನಿಂದ ಅತ್ತೆ ಬಗ್ಗಿ ನೋಡಿದರು. "ಈ ಕೆಂಪು ಬಸ್ಸಿನ ಫೋಟೋ ಎದುರುಮನೆಯವರ ಗೋಡೆ ಮೇಲೂ ಇದೆ ಅಳಿಯಂದ್ರೆ."

"ಬಸ್ಸು ಅಂದ್ಮೇಲೆ ಎಲ್ಲಾ ಒಂದೇ ಥರ ಇರುತ್ವೆ ಅತ್ತೆ."

"ಅದ್ರ ಮುಂದೆ ಅವರೇ ನಿಂತಿದ್ದಾರಲ್ಲ."

"ನಿಮ್ಮ ಕನ್ನಡಕ ಬದಲಾಯಿಸ್ಬೇಕು. ನಾಳೆ ಅಂಗಡಿಗೆ ಬನ್ನಿ," ಎಂದೆ.

ಅತ್ತೆ ಹೋಗಿ ಸ್ವೆಟರಿನ ತೋಳು ಹಿಡಿದುಕೊಂಡರು. ನಾನು ವೇಳಾಪಟ್ಟಿಯನ್ನು ಆರಿಸಿ, ಕತ್ತರಿಸಿ, ಆ ಫೋಲ್ಡರಿನಲ್ಲಿ ಅಂಟಿಸಿದೆ. ಪ್ರತಿ ಮಾಡಲಿಲ್ಲ, ಕತ್ತರಿಸಿದೆ. ಅಂಗಡಿಯಲ್ಲೂ ನನ್ನದು ಅದೇ ಶಿಸ್ತು: ಒಂದು ವಸ್ತು ಒಂದೇ ಜಾಗದಲ್ಲಿರಬೇಕು. ಎರಡು ಪ್ರತಿ ಇಡುವುದು ಅಪನಂಬಿಕೆಯ ಲಕ್ಷಣ. ಹಸಿರು ಪಟ್ಟಿ ಸರ್ರನೆ ಓಡಿ ಮುಗಿಯಿತು. ನಾನು ಕಾಲ ಮೇಲೆ ಕಾಲು ಹಾಕಿ ಕೂತೆ.

ಊಟವಾಗಿ ಒಂದೂ ಮುಕ್ಕಾಲರ ಹೊತ್ತಿಗೆ ಹೆಂಡತಿ ಕೋಣೆಯಿಂದ ಕೂಗಿದಳು.

"ರೀ, ಎಲ್ಲಿದೆ? ನನ್ನ ಲ್ಯಾಪ್‌ಟಾಪಲ್ಲಿ ಏನೂ ಇಲ್ಲ."

"ಸರಿಯಾಗಿ ನೋಡು. ನಿನ್ನ ಬಸ್ಸುಗಳ ಜೊತೆ ಇದೆ."

"ಯಾವ ಬಸ್ಸು?"

"ನನ್ನ ಹತ್ರ ಮುಚ್ಚಿಡಬೇಡ. ನಾನೇನೂ ಬೇಜಾರು ಮಾಡ್ಕೊಂಡಿಲ್ಲ," ಎಂದೆ ಉದಾರವಾಗಿ.

ಅವಳು ಹಾಲ್‌ಗೆ ಬಂದಳು. ನಾನು ಪರದೆಯಲ್ಲಿ ತೋರಿಸಿದೆ: ಇದೋ ನಿನ್ನ ಕಂಪ್ಯೂಟರು, ಇದೋ ನಿನ್ನ ಫೋಲ್ಡರು, ಇದೋ ವೇಳಾಪಟ್ಟಿ. ಅವಳು ಬಸ್ಸುಗಳನ್ನು ಕಣ್ಣು ಕಿರಿದು ಮಾಡಿ ನೋಡಿ, "ಇದು ನನ್ನದಲ್ಲ" ಎಂದಳು. "ನಿನ್ನದೇ, ಲ್ಯಾಪ್‌ಟಾಪ್ ಇಲ್ಲಿಗೆ ತಗೊಂಡು ಬಾ, ಪಕ್ಕಪಕ್ಕ ಇಟ್ಟು ತೋರಿಸ್ತೀನಿ" ಎಂದೆ. ಅವಳು ತರಲು ಹೋದಳು. ಗೋಡೆಯ ಗಡಿಯಾರದಲ್ಲಿ ಸರಿಯಾಗಿ ಎರಡು ಗಂಟೆ. ಆ ಕ್ಷಣದಲ್ಲಿ ನನ್ನ ಕಣ್ಣೆದುರೇ ಎರಡನೇ ಕಂಪ್ಯೂಟರು ಪಟ್ಟಿಯಿಂದ ಮಾಯವಾಯಿತು. ಬಸ್ಸುಗಳೂ ಇಲ್ಲ, ಫೋಲ್ಡರೂ ಇಲ್ಲ, ವೇಳಾಪಟ್ಟಿಯೂ ಇಲ್ಲ. 'ಈ ದಾರಿ ಸಿಗುತ್ತಿಲ್ಲ' ಎಂಬರ್ಥದ ಒಂದು ಒಣ ಸಂದೇಶ ಮಾತ್ರ ಉಳಿಯಿತು.

ಹೆಂಡತಿ ಲ್ಯಾಪ್‌ಟಾಪು ಎದೆಗವುಚಿಕೊಂಡು ಬಂದು ನಿಂತಿದ್ದಳು.

"ಇನ್ನೊಂದು ಪ್ರತಿ ನಿಮ್ಮ ಕಂಪ್ಯೂಟರಲ್ಲಿ ಇದೆ ತಾನೇ?"

ನಾನು ಶಿಸ್ತಿನ ಬಗ್ಗೆ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

ಅವಳು ಕೂಗಾಡಿದ್ದರೆ ನನಗೆ ಅಭ್ಯಾಸವಿತ್ತು. ಕೂಗಾಡಲಿಲ್ಲ. ಮೆಲ್ಲಗೆ ಕುರ್ಚಿಯಲ್ಲಿ ಕೂತು, "ಮೂರು ವಾರ ರೀ," ಎಂದಳು. "ನಾಳೆ ಎಂಟು ಗಂಟೆಗೆ ಆಕೆ ಮೊದಲನೇ ಸಾಲಲ್ಲೇ ಕೂತಿರ್ತಾಳೆ." ಅಷ್ಟೇ. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಇಷ್ಟು ಆಸೆಪಟ್ಟು ಹಿಡಿದ ಕೆಲಸ ಇನ್ನೊಂದಿರಲಿಲ್ಲ. ಅದನ್ನು ನಾನು ಅರ್ಧ ನಿಮಿಷ ಉಳಿಸಲು ಹೋಗಿ ಗಾಳಿಗೆ ತೂರಿದ್ದೆ.

ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. "ಇದೊಂದು ಸಣ್ಣ ತಾಂತ್ರಿಕ ತೊಂದರೆ," ಎಂದು ಸಾರಿ, ಮುಂದಿನ ಎರಡು ಗಂಟೆ ನಾನು ಮಾಡದ ಕೆಲಸವಿಲ್ಲ. ನನ್ನ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ಅವಳದನ್ನು ಹೊತ್ತಿಸಿ ಆರಿಸಿದೆ. ಮೂಲೆಯಲ್ಲಿ ಮಿಣುಕುವ ವೈಫೈ ಡಬ್ಬಿಯ ತಂತಿಗಳನ್ನೆಲ್ಲ ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಕಂಪ್ಯೂಟರಿನ ರಕ್ಷಣೆಗೆಂದು ಇದ್ದ ಫೈರ್‌ವಾಲ್ ಎಂಬ ಗೋಡೆಗಳನ್ನೆಲ್ಲ ಒಂದೊಂದಾಗಿ ಕೆಡವಿದೆ. ಹೆಂಡತಿಯ ಲ್ಯಾಪ್‌ಟಾಪನ್ನು ನನ್ನ ಕಂಪ್ಯೂಟರಿಗೆ ಮೂರು ಅಂಗುಲ ಹತ್ತಿರ ತಂದಿಟ್ಟೆ. ಎರಡೂ ಒಂದರ ಮುಖ ಒಂದು ನೋಡುತ್ತಿದ್ದವು, ಆದರೆ ಒಂದಕ್ಕೊಂದು ಪರಿಚಯವೇ ಇಲ್ಲವಂತೆ.

ಕೊನೆಗೆ ನಾಚಿಕೆ ಬಿಟ್ಟು, ನನ್ನ ಅಂಗಡಿಯ ಕಂಪ್ಯೂಟರು ರಿಪೇರಿ ಮಾಡುವವನಿಗೆ ಫೋನು ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಎರಡೂ ಒಂದೇ ನೆಟ್‌ವರ್ಕ್‌ನಲ್ಲಿ ಇದ್ಯಾ ಸಾರ್? ಮೂಲೆಯಲ್ಲಿ ವೈಫೈ ಹೆಸರು ಇರುತ್ತೆ, ಒಂದ್ಸಲ ಓದಿ ಹೇಳಿ."

"ಒಂದೇ ಮನೇಲಿದೆ, ಒಂದೇ ಮೇಜಿನ ಮೇಲಿದೆ, ಇನ್ನು ಬೇರೆ ಬೇರೆ ನೆಟ್‌ವರ್ಕ್ ಹೇಗಪ್ಪಾ ಆಗುತ್ತೆ? ನಾನು ಬುದ್ಧಿ ಇರೋ ಪ್ರಶ್ನೆ ನಿರೀಕ್ಷೆ ಮಾಡಿದ್ದೆ," ಎಂದೆ.

"ಹಾಗಾದ್ರೆ ನಾಳೆ ಬಂದು ನೋಡ್ತೀನಿ ಸಾರ್," ಎಂದು ಅವನು ಫೋನಿಟ್ಟ. ನಾಳೆ! ನಮ್ಮ ಮನೆಯಲ್ಲಿ ನಾಳೆ ಎಂಟು ಗಂಟೆಗೆ ಮುಗಿದುಹೋಗುವುದಿತ್ತು.

ಅಷ್ಟರಲ್ಲಿ ಹೆಂಡತಿ ಒಂದು ಕಟ್ಟು ಖಾಲಿ ಹಾಳೆ, ಸ್ಕೇಲು, ಪೆನ್ಸಿಲ್ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಮೊದಲ ಗೆರೆ ಎಳೆಯುತ್ತಿದ್ದಳು. ಮೂರು ವಾರದ ಕೆಲಸವನ್ನು ಒಂದು ಸಂಜೆಯಲ್ಲಿ ನೆನಪಿನಿಂದ ಬರೆಯಲು ಹೊರಟಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ. ಪರದೆಯ ಕಡೆ ತಿರುಗಿದೆ.

ಗಡಿಯಾರದಲ್ಲಿ ನಾಲ್ಕು. ನನ್ನ ಕಣ್ಣೆದುರೇ ಪಟ್ಟಿಯಲ್ಲಿ ಎರಡನೇ ಕಂಪ್ಯೂಟರು ಮತ್ತೆ ಮೂಡಿತು. ಬಸ್ಸುಗಳು ಬಂದವು. ಬಸ್ಸುಗಳ ನಡುವೆ ವೇಳಾಪಟ್ಟಿ!

"ಸಿಕ್ತು!" ಎಂದು ನಾನು ಹಾಕಿದ ಕೂಗಿಗೆ ಅತ್ತೆಯ ನೂಲಿನ ಉಂಡೆ ಸೋಫಾದ ಕೆಳಗೆ ಉರುಳಿತು. ಹೆಂಡತಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಓಡಿ ಬಂದಳು. ನಾನು ಗತ್ತಿನಿಂದ ಫೈಲನ್ನು ಒತ್ತಿದೆ. ಕಂಪ್ಯೂಟರು ಹೇಳಿತು: ಈ ಫೈಲು ಇನ್ನೊಬ್ಬರ ಬಳಕೆಯಲ್ಲಿದೆ, ನೀವು ಓದಬಹುದು, ತಿದ್ದುವಂತಿಲ್ಲ.

"ಇನ್ನೊಬ್ಬರು ಯಾರು?" ಎಂದಳು ಹೆಂಡತಿ.

"ನೀನೇ."

"ನಾನು ಇಲ್ಲಿ ನಿಂತಿದ್ದೀನಲ್ಲ ರೀ."

"ನಿನ್ನ ಲ್ಯಾಪ್‌ಟಾಪು."

"ಅದನ್ನ ನೀವೇ ಆರಿಸಿ ಮೇಜಿನ ಮೇಲಿಟ್ಟಿದ್ದೀರಿ."

ಅದಂತೂ ನಿಜ. ಲ್ಯಾಪ್‌ಟಾಪು ಮುಚ್ಚಿದ ಬಾಯಲ್ಲಿ ಮಲಗಿತ್ತು. ಫೈಲು ತೆರೆಯಿತು. ವೇಳಾಪಟ್ಟಿ ಇಡಿಯಾಗಿತ್ತು, ಆದರೆ ಅಲ್ಲಲ್ಲಿ ಚೌಕಗಳಿಗೆ ಹಳದಿ ಬಣ್ಣ ಬಳಿದಿತ್ತು. ಪಕ್ಕದಲ್ಲಿ ಟಿಪ್ಪಣಿಗಳು. ಹೆಂಡತಿ ಗಟ್ಟಿಯಾಗಿ ಓದಿದಳು.

"ಗುರುವಾರ ನಾಲ್ಕನೇ ಅವಧಿ. ಒಬ್ಬನೇ ಡ್ರೈವರು, ಎರಡು ಬಸ್ಸು."

"ವೈರಸ್ಸು," ಎಂದೆ. "ಇದು ಹೊಸ ಥರದ ವೈರಸ್ಸು."

"ಮಂಗಳವಾರ. ಈ ಡ್ರೈವರಿಗೆ ಸತತ ಆರು ಟ್ರಿಪ್ಪು. ಮಧ್ಯೆ ನೀರು ಕುಡಿಯಲು ಬಿಡಬೇಕು."

"ಕಳ್ಳ ಯಾರೋ ಒಳಗೆ ನುಗ್ಗಿದ್ದಾನೆ ಕಣೇ."

"ಕಳ್ಳ ಯಾಕೆ ರೀ ನನ್ನ ವೇಳಾಪಟ್ಟಿ ತಿದ್ದುತ್ತಾನೆ?" ಅವಳ ಬೆರಳು ಗುರುವಾರದ ಮೇಲೆ ನಿಂತಿತ್ತು. "ಅಯ್ಯೋ, ಹೌದಲ್ಲ. ಪಿ.ಟಿ. ಮಾಸ್ತರನ್ನ ಒಂದೇ ಹೊತ್ತಿಗೆ ಎರಡು ಕ್ಲಾಸಿಗೆ ಹಾಕಿದ್ದೀನಿ. ಮೂರು ವಾರ ನೋಡಿದ್ರೂ ನನಗೆ ಕಾಣಲಿಲ್ಲ."

ಸೋಫಾದ ಕೆಳಗಿನಿಂದ ನೂಲು ಎಳೆದುಕೊಳ್ಳುತ್ತ ಅತ್ತೆ ಹೇಳಿದರು: "ಎದುರುಮನೆಯವರು ಎರಡರಿಂದ ನಾಲ್ಕು ಮಲಗ್ತಾರೆ. ಕಂಪ್ಯೂಟರ್ ಆರಿಸೇ ಮಲಗೋದು. ನಾಲ್ಕಕ್ಕೆ ಸರಿಯಾಗಿ ಏಳ್ತಾರೆ. ನಾನು ಬೆಳಗ್ಗೇನೇ ಹೇಳ್ದೆ, ನನ್ನ ಕನ್ನಡಕ ಸರಿ ಇಲ್ಲ ಅಂದ್ರಿ."

ಹೆಂಡತಿ ನನ್ನ ಕಡೆ ನೋಡಲಿಲ್ಲ. ಪರದೆಯ ಮೂಲೆಗೆ ಬಗ್ಗಿ ವೈಫೈ ಹೆಸರು ಓದಿದಳು. ಆಮೇಲೆ ಲ್ಯಾಪ್‌ಟಾಪು ತೆರೆದು ಅದರದನ್ನೂ ಓದಿದಳು. ಇಂಟರ್ನೆಟ್ ಲೈನಿನವನು ಎರಡೂ ಮನೆಗೂ ಒಂದೇ ಕಂಪನಿಯ ಡಬ್ಬಿ ಕೂರಿಸಿದ್ದ. ಹೆಸರು ಉದ್ದುದ್ದ, ಎರಡೂ ಅವಳಿಜವಳಿ. ನಮ್ಮದು ಆರರಲ್ಲಿ ಮುಗಿಯುತ್ತದೆ. ನನ್ನ ಕಂಪ್ಯೂಟರು ಹಿಡಿದುಕೊಂಡಿದ್ದು ಎಂಟರಲ್ಲಿ ಮುಗಿಯುತ್ತಿತ್ತು.

"ಅವರು ಹತ್ತು ದಿನಕ್ಕೆ ಅಂತ ಕೊಟ್ಟಿದ್ದನ್ನ ನೀವು ಇನ್ನೂ ಬಿಟ್ಟೇ ಇಲ್ಲ," ಎಂದಳು. "ಮಾತು ಬಿಟ್ರಿ, ಗೆರೆ ಎಳೆದ್ರಿ. ಎಂಟು ತಿಂಗಳಿಂದ ಅವರ ಇಂಟರ್ನೆಟ್ಟಲ್ಲೇ ಕೂತಿದ್ದೀರಿ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ನಾನು ಇನ್ನೂ ಮೇಲು. ಕೂಸನ್ನು ಎದುರುಮನೆಯ ತೊಟ್ಟಿಲಿನಲ್ಲಿ ಮಲಗಿಸಿ ಬಂದು ನಮ್ಮ ಮನೆಯ ತೊಟ್ಟಿಲು ಸರಿಯಿಲ್ಲ ಎಂದು ಎರಡು ಗಂಟೆ ರಿಪೇರಿ ಮಾಡಿದ್ದೆ.

"ಒಂದು ಉಪಾಯ," ಎಂದೆ ಪಿಸುದನಿಯಲ್ಲಿ. "ಸದ್ದಿಲ್ಲದೆ ಇಲ್ಲಿಂದಲೇ ಫೈಲನ್ನ ವಾಪಸ್ ತಂದುಬಿಡೋಣ. ಅವರಿಗೆ ಗೊತ್ತೇ ಆಗಲ್ಲ."

"ಅವರ ಮನೆಗೆ ಕದ್ದು ನುಗ್ಗೋದಾ? ನಡೀರಿ. ಅವರ ಟಿಪ್ಪಣಿ ಇನ್ನೂ ಮುಗಿದಿಲ್ಲ. ಇನ್ನೆಷ್ಟು ತಪ್ಪಿದೆಯೋ ನಾನು ಕೇಳ್ಬೇಕು."

ನಡೀರಿ ಎಂದರೆ ನಾನೂ ಎಂದರ್ಥ. ನಾನು ಎದ್ದೆ. ಬಾಗಿಲ ತನಕ ಹೋದಾಗ ಒಂದು ವಿಷಯ ಮಿಂಚಿನಂತೆ ಹೊಳೆಯಿತು. ಬೆಳಗ್ಗೆ ನನ್ನ ಇಡೀ ಡಿಸ್ಕನ್ನು ಎಲ್ಲರಿಗೂ ತೆರೆದಿಟ್ಟಿದ್ದೆ. ಎಲ್ಲರಿಗೂ ಎಂದರೆ ಆ ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ. ಆ ಡಿಸ್ಕಿನಲ್ಲಿ 'ಗೆರೆ' ಎಂಬ ಫೋಲ್ಡರು ಇತ್ತು.

"ಒಂದೇ ನಿಮಿಷ, ಕಂಪ್ಯೂಟರ್ ಆರಿಸಿ ಬರ್ತೀನಿ," ಎಂದೆ.

"ಬೆಳಗ್ಗೆಯಿಂದ ಅದನ್ನೇ ಮಾಡ್ತಿದ್ದೀರಿ," ಎಂದು ಅವಳು ನನ್ನ ತೋಳು ಹಿಡಿದು ಹೊರಗೆಳೆದಳು. ಅಂದು ಬೆಳಗ್ಗೆಯಷ್ಟೇ ಹೊಸದಾಗಿ ಎಳೆದ ಗೆರೆಯನ್ನು ನಾನು ಎಂಟು ತಿಂಗಳಲ್ಲಿ ಮೊದಲ ಸಲ ದಾಟಿದೆ.

ಡಿಪೋ ಸಾಹೇಬರು ಬಾಗಿಲು ತೆರೆದರು. ಕೈಯಲ್ಲಿ ಕೆಂಪು ಪೆನ್ನು. ನಮ್ಮನ್ನು ಕಂಡು ಅಚ್ಚರಿಪಡಲಿಲ್ಲ. ಗಡಿಯಾರ ನೋಡಿಕೊಂಡು, "ಬನ್ನಿ, ನೀವು ಬರೋ ಹೊತ್ತೇ," ಎಂದರು. ಒಳಗೆ ಗೋಡೆಯ ಮೇಲೆ ಕೆಂಪು ಬಸ್ಸು, ಅದರ ಮುಂದೆ ಅವರೇ. ಅತ್ತೆಯ ಕಣ್ಣು ಚೊಕ್ಕವಾಗಿತ್ತು.

"ಮೇಡಂ, ನಿಮ್ಮ ಪಟ್ಟಿ ನೋಡಿದೆ," ಎಂದರು. "ಫೋನಿನ ಫೋಟೋ ಹಾಕ್ಕೊಳ್ಳೋಕೆ ಆ ಫೋಲ್ಡರ್ ತೆರೆದಿಟ್ಟಿರ್ತೀನಿ. ಅದರಲ್ಲಿ ಬಂದು ಬಿದ್ದಿತ್ತು. ನನ್ನ ಕೆಲಸ ಏನಾಗಿತ್ತು ಅಂತ ಗೊತ್ತಿರೋದ್ರಿಂದ, ನೋಡಿ ಕೊಡಲಿ ಅಂತಾನೇ ಕಳಿಸಿದ್ದೀರಿ ಅಂದ್ಕೊಂಡೆ. ತುಂಬ ಚೆನ್ನಾಗಿ ಮಾಡಿದ್ದೀರಿ. ಎರಡು ಕಡೆ ಮಾತ್ರ ತೊಂದರೆ. ಗುರುವಾರ ಡಿಕ್ಕಿ ಆಗ್ತಿತ್ತು."

ಆ ಪದ ಕೇಳಿ ನನ್ನ ಹೆಂಡತಿ ಕಣ್ಣು ಮುಚ್ಚಿ ತೆರೆದಳು.

"ಎಂಟನೇ ಎ ಮೈದಾನವನ್ನ ಸೋಮವಾರಕ್ಕೆ ತಳ್ಳಿದ್ರೆ ಸರಿ ಹೋಗುತ್ತೆ. ಇನ್ನು ಈ ಸಂಗೀತದವರಿಗೆ ಮಂಗಳವಾರ ಸತತ ಆರು ಅವಧಿ. ಗಂಟಲು ಕೆಡುತ್ತೆ. ಅವರು ನಿಮ್ಮ ಮೇಲೆ ರೇಗ್ತಿದ್ರು."

"ಅವರು ಅದಕ್ಕೇ ಕಾಯ್ತಿದ್ರು ಸಾರ್," ಎಂದಳು ಅವಳು. ಮೂರು ವಾರಗಳಲ್ಲಿ ಮೊದಲ ಸಲ ಅವಳು ನಗುವುದನ್ನು ನೋಡಿದೆ. ಇಬ್ಬರೂ ಪರದೆಯ ಮುಂದೆ ಕೂತು, ಅವಧಿಗಳನ್ನು ಇಲ್ಲಿಂದ ತೆಗೆದು ಅಲ್ಲಿಟ್ಟು, ಕಾಲು ಗಂಟೆಯಲ್ಲಿ ಮುಗಿಸಿದರು. ನಾನು ಹಿಂದೆ ನಿಂತು ಬಸ್ಸುಗಳನ್ನು ಗಮನವಿಟ್ಟು ನೋಡುತ್ತಿದ್ದೆ. ಯಾರೂ ನನ್ನನ್ನು ಮಾತಾಡಿಸದಿದ್ದರೆ ಹಾಗೇ ಜಾರಿಕೊಳ್ಳುವುದು ಎಂಬ ಲೆಕ್ಕ.

"ನಿಮ್ಮದೂ ನೋಡಿದೆ," ಎಂದರು ಡಿಪೋ ಸಾಹೇಬರು.

ಮೇಜಿನ ಮೇಲಿಂದ ಎರಡು ಹಾಳೆ ತೆಗೆದು ನನ್ನ ಕೈಗಿತ್ತರು. ನನ್ನ ಹನ್ನೊಂದನೇ ಕರಡು, ಅಚ್ಚುಕಟ್ಟಾಗಿ ಪ್ರಿಂಟಾಗಿತ್ತು. ಅಲ್ಲಲ್ಲಿ ಕೆಂಪು ಶಾಯಿಯ ತಿದ್ದುಪಡಿ. 'ಅತಿಕ್ರಮಣಕೋರ' ಎಂದು ನಾನು ಬರೆದಲ್ಲಿ ಅಡಿಗೆರೆ ಎಳೆದು, ಪಕ್ಕದಲ್ಲಿ 'ಇದು ಮೂರು ಸಲ ಬಂದಿದೆ, ಒಂದು ಸಾಕು' ಎಂದಿತ್ತು.

"ಒಂದು ಲೆಕ್ಕ ತಪ್ಪಿದೆ," ಎಂದರು. "ನಾಲ್ಕು ಇಂಚು ಅಂತ ಬರೆದಿದ್ದೀರಿ. ಈಗ ಹೋಗಿ ಅಳೆದು ಬಂದೆ. ನಾಲ್ಕೂವರೆ ಇದೆ. ಅರ್ಜಿ ಅಂದ್ಮೇಲೆ ಅಂಕಿ ಸರಿ ಇರ್ಬೇಕು."

ನೆಲ ಬಾಯಿ ಬಿಡಬಾರದೇ ಎನಿಸಿತು. ಮೂರನೇ ಮಹಡಿಯಾದ್ದರಿಂದ ಅದೂ ಕಷ್ಟ.

"ಸಾರ್, ಇಷ್ಟು ದಿನ ನಿಮ್ಮ ವೈಫೈ..." ಎಂದು ನಾನು ತೊದಲಿದೆ. "ನನಗೆ ಗೊತ್ತಿರಲಿಲ್ಲ."

"ನನಗೆ ಗೊತ್ತಿತ್ತು. ಯಾವ್ಯಾವ ಕಂಪ್ಯೂಟರ್ ಸೇರ್ಕೊಂಡಿದೆ ಅಂತ ಪಟ್ಟಿ ತೋರಿಸುತ್ತಲ್ಲ. ದಿನಾ ಬೆಳಗ್ಗೆ ನೋಡೋದು ಹಳೇ ಅಭ್ಯಾಸ, ಯಾವ ಬಸ್ಸು ಹೊರಟಿದೆ, ಯಾವುದು ನಿಂತಿದೆ ಅಂತ."

"ಪಾಸ್‌ವರ್ಡ್ ಬದಲಾಯಿಸಬಹುದಿತ್ತಲ್ಲ ಸಾರ್."

ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ಮಾತು ಹೇಗೂ ನಿಂತಿತ್ತು. ಇದೊಂದಾದ್ರೂ ಓಡ್ತಾ ಇರಲಿ ಅನ್ನಿಸ್ತು."

ಹನ್ನೊಂದು ಕರಡುಗಳಲ್ಲಿ ಒಮ್ಮೆಯೂ ಕೈಕೊಡದ ನನ್ನ ಮಾತು ಆಗ ಪೂರ್ತಿ ಕೈಕೊಟ್ಟಿತು. ತಲೆ ತಗ್ಗಿಸಿ ಹೊರಗೆ ಬಂದೆ. ಮನೆಯಿಂದ ಒದ್ದೆ ಬಟ್ಟೆ ತಂದು, ಮಂಡಿಯೂರಿ, ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದೆ. ಅತ್ತೆ ಬಾಗಿಲಲ್ಲಿ ನಿಂತು, "ಆ ಮೂಲೇಲಿ ಇನ್ನೂ ಸ್ವಲ್ಪ ಇದೆ, ನನ್ನ ಕನ್ನಡಕಕ್ಕೇ ಕಾಣ್ತಿದೆ" ಎಂದರು. ಅದನ್ನೂ ಒರೆಸಿದೆ.

ಸಂಜೆ ಹೆಂಡತಿ ನನ್ನ ಕಂಪ್ಯೂಟರಿನ ಮುಂದೆ ಕೂತು, ತಿದ್ದಿದ ವೇಳಾಪಟ್ಟಿಯನ್ನು ಪ್ರತಿ ಮಾಡಿಕೊಂಡು, ಕಂಪ್ಯೂಟರನ್ನು ನಮ್ಮದೇ ವೈಫೈಗೆ ಹಾಕಿದಳು. ಎರಡು ನಿಮಿಷ ಹಿಡಿಯಿತು. ಅವಳ ಲ್ಯಾಪ್‌ಟಾಪು ಪಟ್ಟಿಯಲ್ಲಿ ತಟ್ಟನೆ ಕಾಣಿಸಿತು, ವೇಳಾಪಟ್ಟಿ ಅದಕ್ಕೆ ಹೋಯಿತು. ಎಲ್ಲರಿಗೂ ಕೊಟ್ಟಿದ್ದ ಪೂರ್ಣ ಅಧಿಕಾರವನ್ನು ನಾನೇ ಸ್ವಂತ ಕೈಯಿಂದ ವಾಪಸು ಪಡೆದೆ. ಒಂದು ಯುಗ ಮುಗಿಯಿತು, ಇನ್ನು ಮರ್ಯಾದೆಯಾಗಿ ಬಾಳುವುದು ಎಂದು ಉಸಿರು ಬಿಡುವಷ್ಟರಲ್ಲಿ ಕರೆಗಂಟೆ ಮೊಳಗಿತು.

ಡಿಪೋ ಸಾಹೇಬರು. ಗೆರೆ ಇದ್ದ ಜಾಗದ ಮೇಲೆಯೇ, ಸ್ವಲ್ಪ ಸಂಕೋಚದಿಂದ ನಿಂತಿದ್ದರು.

"ನಿಮ್ಮ ಕಂಪ್ಯೂಟರ್ ನನ್ನ ಪಟ್ಟಿಯಿಂದ ಹೋಯ್ತು," ಎಂದರು. "ಹೋಗಲಿ, ಅದು ಸರೀನೇ. ಆದ್ರೆ ನಾನು ಓದ್ತಿದ್ದ ಏಳನೇ ಕರಡು ಅರ್ಧಕ್ಕೆ ನಿಂತ್ಬಿಡ್ತು. ಹನ್ನೊಂದನೇದಕ್ಕಿಂತ ಅದರಲ್ಲೇ ನನ್ನನ್ನ ಚೆನ್ನಾಗಿ ಬೈದಿದ್ದೀರಿ. ಕೊನೆಗೆ ನಾನು ಏನಾದೆ ಅಂತ ತಿಳ್ಕೋಬೇಕು."

"ಸಾರ್, ಅದು..."

"ನೆಟ್‌ವರ್ಕಿನ ರಗಳೆ ನಿಮಗೆ ಬೇಡ," ಎಂದು ಅವರು ಜೇಬಿನಿಂದ ಪುಟ್ಟದೊಂದು ವಸ್ತು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇದರಲ್ಲಿ ಹಾಕಿ ಕೊಡಿ, ಅರ್ಧ ನಿಮಿಷದ ಕೆಲಸ."

ಪೆನ್‌ಡ್ರೈವ್.